ಪರನಾಡಿನಲ್ಲಿ ಕನ್ನಡದ ಕೊರಳು

ಪ್ರತಿ ವರ್ಷ ನವೆಂಬರ್ ತಿಂಗಳು ಬಂದಿತೆಂದರೆ ಹೊರನಾಡ ಕನ್ನಡಿಗರ ಸಂಘಗಳಲ್ಲಿ ಒಂದು ಹಾಡು ತಪ್ಪದೆ ಕೇಳಿಬರುತ್ತದೆ. ನಾಡಗೀತೆ ಮುಗಿದು, ಅಧ್ಯಕ್ಷರ ಭಾಷಣವೂ ಮುಗಿದು, ಮಕ್ಕಳ ಕೋಲಾಟಕ್ಕೆ ಮುನ್ನ ಯಾರಾದರೊಬ್ಬರು ಧ್ವನಿವರ್ಧಕದ ಮುಂದೆ ನಿಂತು ಅದನ್ನು ಎತ್ತಿಕೊಂಡರೆ ಸಾಕು, ಹಿಂದಿನ ಸಾಲಿನಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತವರೂ ದನಿಗೂಡಿಸುತ್ತಾರೆ. ‘ಗಂಧದ ಗುಡಿ’ ಚಲಚ್ಚಿತ್ರದ ‘ನಾವಾಡುವ ನುಡಿಯೇ’ ಎಂಬುದೇ ಆ ಹಾಡು. ಚಿತ್ರ ತೆರೆಕಂಡದ್ದು 1973ರಲ್ಲಿ. ಅರ್ಧ ಶತಮಾನ ಕಳೆದರೂ ಹಾಡು ಮುಪ್ಪಾಗಿಲ್ಲ. ಅದನ್ನು ಮೊದಲು ಕೇಳಿದ ನಾವು ಮಾತ್ರ ಮುಪ್ಪಾಗಿದ್ದೇವೆ.

ಈ ಹಾಡಿನ ಮೊದಲ ಮಾತು ನಾವು ಆಡುವ ನುಡಿಯನ್ನು ಕುರಿತದ್ದು. ಅದರ ಬೆನ್ನಿಗೇ ಬರುವ ಎರಡನೆಯ ಮಾತು ನಾವು ಇರುವ ನೆಲವನ್ನು ಕುರಿತದ್ದು. ಬೆಂಗಳೂರಿನವರೋ ಧಾರವಾಡದವರೋ ಎರಡನ್ನೂ ಒಂದೇ ಉಸಿರಿನಲ್ಲಿ ಹಾಡಬಲ್ಲರು. ಚೆನ್ನೈಯಲ್ಲಿಯೋ ಮುಂಬಯಿಯಲ್ಲಿಯೋ ಬಿಡಾರ ಹೂಡಿದ ನಮ್ಮಂಥವರಿಗೆ ಮೊದಲನೆಯದು ಸಲೀಸಾಗಿ ಬರುತ್ತದೆ. ಎರಡನೆಯದರ ಬಳಿ ಗಂಟಲು ಕೊಂಚ ತಡೆಯುತ್ತದೆ. ಗಂಧದ ಗುಡಿಯಿರುವುದು ಅಲ್ಲಿ, ನಾವಿರುವುದು ಇಲ್ಲಿ. ಹಾಗಾದರೆ ಈ ಹಾಡಿನಲ್ಲಿ ನಮಗೆ ಅರ್ಧ ಪಾಲು ಮಾತ್ರವೆ? ಈ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿದೆ. ಇಂಥ ಹಾಡುಗಳು ಹುಟ್ಟಿದ ಕಾಲದ ಚರಿತ್ರೆಯನ್ನು ಕೆದಕಿ ನೋಡಿದರೆ ಇದಕ್ಕೊಂದು ಉತ್ತರ ದೊರಕುವುದೆಂದು ನಮ್ಮ ನಂಬಿಕೆ. ಆ ಚರಿತ್ರೆಯನ್ನು ಹೇಳುವಾಗ ನಮ್ಮದೇ ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕಾಗಿದೆ.

ನಾವು ಹೊಟ್ಟೆಪಾಡಿಗಾಗಿ ಮದರಾಸಿಗೆ ಬಂದದ್ದು 1971ರಲ್ಲಿ. ತಿರುವಲ್ಲಿಕ್ಕೇಣಿಯ ಒಂದು ಓಣಿಯಲ್ಲಿ ಮೂವರು ಸೇರಿ ಒಂದು ಕೋಣೆ ಹಿಡಿದಿದ್ದೆವು. ಆಗ ಈ ಊರಿನಲ್ಲಿ ಕನ್ನಡ ಚಿತ್ರವನ್ನು ನೋಡಬೇಕೆಂದರೆ ಭಾನುವಾರ ಬೆಳಗಿನ ಆಟವನ್ನೇ ಕಾಯಬೇಕು. ಹಾಗೆ ಕಾದು ನೋಡಿದ ಚಿತ್ರಗಳಲ್ಲಿ ‘ಗಂಧದ ಗುಡಿ’ಯೂ ಒಂದು. ಕಾಡನ್ನು ಲೂಟಿ ಮಾಡುವ ಕಳ್ಳರಿಗೆ ಎದುರು ನಿಲ್ಲುವ ಅರಣ್ಯಾಧಿಕಾರಿಯ ಕಥೆ. ನಾಯಕ ಶ್ರೀ ರಾಜಕುಮಾರ್, ನಿರ್ಮಾಪಕ ಮೈಸೂರಿನ ಶ್ರೀ ಎಂ. ಪಿ. ಶಂಕರ್, ನಿರ್ದೇಶಕ ಶ್ರೀ ವಿಜಯ್. ಹಾಡು ಮುಗಿದಾಗ ಚಿತ್ರಮಂದಿರದಲ್ಲಿ ಚಪ್ಪಾಳೆ ಬೀಳಲಿಲ್ಲವೆಂಬುದು ನಮಗೆ ಚೆನ್ನಾಗಿ ನೆನಪಿದೆ. ಎಲ್ಲರೂ ಸುಮ್ಮನಿದ್ದರು. ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ ಎಲ್ಲರಿಗೂ ಒಮ್ಮೆಲೆ ತಮ್ಮ ತಮ್ಮ ಊರಿನ ನೆನಪಾಗಿತ್ತು.

ಅದೇ ವರ್ಷದ ನವೆಂಬರ್ 1ರಂದು, ಶ್ರೀ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. 1956ರಲ್ಲಿಯೇ ನಾಡು ಒಂದಾಗಿದ್ದರೂ ಹೆಸರಿಗಾಗಿ ಹದಿನೇಳು ವರ್ಷ ಕಾಯಬೇಕಾಗಿತ್ತು. ನಮ್ಮ ತೀರ್ಥರೂಪರು ತಿಂಗಳಿಗೊಮ್ಮೆ ಬರೆಯುತ್ತಿದ್ದ ಕಾಗದದ ಹಿಂಬದಿಯಲ್ಲಿ ಊರು, ಜಿಲ್ಲೆ, ‘ಮೈಸೂರು ರಾಜ್ಯ’ ಎಂದು ವಿಳಾಸವಿರುತ್ತಿತ್ತು. ಆ ನವೆಂಬರಿನ ಕಾಗದದಲ್ಲಿ ‘ಕರ್ನಾಟಕ’ ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಅದರ ವಿಷಯವಾಗಿ ಒಳಗೆ ಒಂದು ಮಾತೂ ಇರಲಿಲ್ಲ. ಮಳೆ, ರಾಗಿ, ತಂಗಿಯ ಮದುವೆ, ಇಷ್ಟೇ. ಆ ಎರಡು ಗೆರೆಗಳೂ ಆ ಹಾಡೂ ನಮ್ಮ ನೆನಪಿನಲ್ಲಿ ಅಂದಿನಿಂದ ಒಂದಕ್ಕೊಂದು ಹೆಣೆದುಕೊಂಡಿವೆ.

ಇನ್ನು ಚರಿತ್ರೆಗೆ ಬರೋಣ. ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ಆದರೆ ಅದು ತಯಾರಾದದ್ದು ಕನ್ನಡ ನಾಡಿನಲ್ಲಲ್ಲ, ಕೊಲ್ಹಾಪುರದಲ್ಲಿ. ಶಬ್ದವನ್ನು ಮುದ್ರಿಸಿಕೊಳ್ಳುವ ಸ್ಟುಡಿಯೋ ಆಗ ಬೆಂಗಳೂರಿನಲ್ಲಿಯೂ ಇರಲಿಲ್ಲ, ಮೈಸೂರಿನಲ್ಲಿಯೂ ಇರಲಿಲ್ಲ. ಶ್ರೀ ಸುಬ್ಬಯ್ಯನಾಯ್ಡು, ಶ್ರೀ ಆರ್. ನಾಗೇಂದ್ರರಾಯರು, ಶ್ರೀಮತಿ ತ್ರಿಪುರಾಂಬಾ ಮೊದಲಾದ ರಂಗಭೂಮಿಯ ಕಲಾವಿದರು ಮರಾಠಿ ಮಾತಾಡುವ ಊರಿಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿ, ಹಾಡಿ, ಆ ಮಾತನ್ನು ಡಬ್ಬಿಗಳಲ್ಲಿ ತುಂಬಿಕೊಂಡು ತಂದರು. ಬೆಳ್ಳಿತೆರೆಯ ಮೇಲೆ ಕನ್ನಡ ಬಾಯಿ ಬಿಟ್ಟದ್ದೇ ಹೀಗೆ, ಪರಸ್ಥಳದಲ್ಲಿ.

ಅನಂತರದ ಕಾಲ ಮದರಾಸಿನದು. ತೆಲುಗು, ತಮಿಳು, ಮಲಯಾಳ, ಕನ್ನಡ, ನಾಲ್ಕು ಭಾಷೆಗಳ ಚಿತ್ರಗಳಿಗೂ ಕೋಡಂಬಾಕಂ ಮತ್ತು ವಡಪಳನಿಗಳೇ ತವರುಮನೆಯಾದವು. ಎವಿಎಂ, ವಾಹಿನಿ ಮುಂತಾದ ದೊಡ್ಡ ಸ್ಟುಡಿಯೋಗಳು ಇದ್ದುದು ಇಲ್ಲಿ. ಚಿತ್ರವನ್ನು ತೊಳೆದು ಪ್ರತಿ ತೆಗೆಯುವ ಪ್ರಯೋಗಾಲಯಗಳು ಇಲ್ಲಿ. ಪಿಟೀಲು, ಸಿತಾರು, ಕೊಳಲು, ತಬಲಗಳನ್ನು ನುಡಿಸಬಲ್ಲ ನೂರಾರು ವಾದ್ಯಗಾರರು ಇಲ್ಲಿ. ಮೈಸೂರಿನಲ್ಲಿ 1954ರಲ್ಲಿ ಪ್ರೀಮಿಯರ್ ಸ್ಟುಡಿಯೋ ಆರಂಭವಾಯಿತು; ರಾಜ್ಯದಲ್ಲಿಯೇ ತಯಾರಾದ ಚಿತ್ರಗಳಿಗೆ 1960ರ ದಶಕದಲ್ಲಿ ಸರ್ಕಾರದ ಸಹಾಯಧನವೂ ದೊರೆಯತೊಡಗಿತು. ಆದಾಗ್ಯೂ ಹಾಡಿನ ಮಟ್ಟಿಗೆ ಮದರಾಸನ್ನು ಬಿಟ್ಟು ಬರುವುದು ಬಹುಕಾಲ ಸಾಧ್ಯವಾಗಲಿಲ್ಲ. ಹಾಡೆಂಬುದು ಒಬ್ಬರ ಕೆಲಸವಲ್ಲವಷ್ಟೆ.

ಅಂದಿನ ಧ್ವನಿಮುದ್ರಣದ ಕ್ರಮವನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದೇ ಕಷ್ಟ. ಇಂದು ಗಾಯಕರು ಒಂದು ಊರಿನಲ್ಲಿ, ವಾದ್ಯಗಾರರು ಇನ್ನೊಂದು ಊರಿನಲ್ಲಿ ಕುಳಿತು ಒಬ್ಬರನ್ನೊಬ್ಬರು ನೋಡದೆಯೇ ಹಾಡು ಮುಗಿಸಬಹುದು. ಅಂದು ಹಾಗಲ್ಲ. ಸಂಗೀತ ನಿರ್ದೇಶಕರು ಕೈಯೆತ್ತಿದೊಡನೆ ಗಾಯಕರೂ ಮೂವತ್ತು ನಲವತ್ತು ವಾದ್ಯಗಾರರೂ ಒಟ್ಟಿಗೇ ಹೊರಡಬೇಕು. ಪಲ್ಲವಿಯಿಂದ ಕೊನೆಯ ಚರಣದವರೆಗೆ ಒಂದೇ ಓಟದಲ್ಲಿ ಹಾಡು ಮುಗಿಯಬೇಕು. ಕೊನೆಯಲ್ಲಿ ಒಬ್ಬ ಪಿಟೀಲುಗಾರನ ಬೆರಳು ಜಾರಿದರೂ ಮತ್ತೆ ಮೊದಲಿನಿಂದ ಶುರು. ಪ್ರತ್ಯೇಕ ಕೋಣೆಯೊಳಗೆ ನಿಂತ ಗಾಯಕರ ಕೈಯಲ್ಲಿ ಒಂದು ಹಾಳೆ. ಗೀತೆ ಬರೆದವರು ಆ ಮೊದಲೇ ಪಕ್ಕದಲ್ಲಿ ಕುಳಿತು ಮಾತಿನ ಅರ್ಥ, ಅಕ್ಷರದ ಉಚ್ಚಾರಗಳನ್ನು ಹೇಳಿಕೊಟ್ಟಿರುತ್ತಿದ್ದರು. ಕೋಣೆಯಲ್ಲಿ ನಾಲ್ಕೈದು ಭಾಷೆಗಳ ಮಾತು. ಹೊರಬರುವುದು ಅಪ್ಪಟ ಕನ್ನಡದ ಹಾಡು.

ಆ ಹಾಡುಗಳ ಹಿಂದಿದ್ದ ಮಹನೀಯರ ಊರುಗಳನ್ನು ಒಮ್ಮೆ ಎಣಿಸಿ ನೋಡೋಣ. ‘ನಾವಾಡುವ ನುಡಿಯೇ’ ಹಾಡಿಗೆ ಸ್ವರ ಹಾಕಿದವರು ಮೈಸೂರಿನ ಸಹೋದರರಾದ ರಾಜನ್–ನಾಗೇಂದ್ರ. ಮಾತು ಕೊಟ್ಟವರು ಶ್ರೀ ಚಿ. ಸದಾಶಿವಯ್ಯನವರ ಸುಪುತ್ರರಾದ ಶ್ರೀ ಚಿ. ಉದಯಶಂಕರ್, ನೂರಾರು ಕನ್ನಡ ಹಾಡುಗಳನ್ನು ಮದರಾಸಿನಲ್ಲಿ ನೆಲಸಿಯೇ ಬರೆದವರು. ತೆರೆಯ ಮೇಲೆ ಅದನ್ನು ಹಾಡಿದ ಶ್ರೀ ರಾಜಕುಮಾರರು 1929ರಲ್ಲಿ ಹುಟ್ಟಿದ್ದು ಗಾಜನೂರಿನಲ್ಲಿ; ಆ ಹಳ್ಳಿ ಅಂದು ಮದರಾಸು ಪ್ರಾಂತಕ್ಕೆ ಸೇರಿತ್ತು, 1956ರ ಗಡಿಯೂ ಅದನ್ನು ಕನ್ನಡ ರಾಜ್ಯದ ಹೊರಗೇ ಬಿಟ್ಟಿತು. ಇಂದಿಗೂ ಅದು ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿದೆ. ಅವರಿಗೆ ಶಾಲೆಯ ಓದು ಬಹಳ ದೊರೆಯಲಿಲ್ಲ. ಕನ್ನಡವನ್ನು ಅವರು ಕಲಿತದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಲ್ಲಿ, ಹೆಚ್ಚಾಗಿ ಕಿವಿಯಿಂದ. ಅವರ ಮಕ್ಕಳಾದ ಶಿವರಾಜಕುಮಾರರೂ ಪುನೀತರೂ ಹುಟ್ಟಿದ್ದು ಇದೇ ಮದರಾಸಿನಲ್ಲಿ. ಹೆಣ್ಣು ದನಿಗೆ ಬಂದರೆ ಶ್ರೀಮತಿ ಎಸ್. ಜಾನಕಿ ಮತ್ತು ಶ್ರೀಮತಿ ಪಿ. ಸುಶೀಲಾ ಇಬ್ಬರೂ ಆಂಧ್ರದವರು. ಶ್ರೀಮತಿ ವಾಣಿ ಜಯರಾಂ ವೆಲ್ಲೂರಿನವರು.

ಎಲ್ಲಕ್ಕಿಂತ ಮುಖ್ಯವಾಗಿ, ಆ ಹಾಡಿನ ಕೊರಳು ಯಾರದು? ಶ್ರೀ ಪಿ. ಬಿ. ಶ್ರೀನಿವಾಸ್ ಅವರದು. ಪೂರ್ಣ ಹೆಸರು ಪ್ರತಿವಾದಿ ಭಯಂಕರ ಶ್ರೀನಿವಾಸ್. 1930ರ ಸೆಪ್ಟೆಂಬರ್ 22ರಂದು ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದವರು. ಮನೆಮಾತು ತೆಲುಗು, ವಾಸ ಮದರಾಸು. ರಾಜಕುಮಾರರ ಮುಖಕ್ಕೂ ಶ್ರೀನಿವಾಸರ ಕಂಠಕ್ಕೂ ಎಂಥ ಹೊಂದಾಣಿಕೆಯೆಂದರೆ, ಹಳ್ಳಿಗಳಲ್ಲಿ ಬಹಳ ಮಂದಿ ರಾಜಕುಮಾರರೇ ಹಾಡುತ್ತಾರೆಂದು ನಂಬಿದ್ದರು. 1960ರ ‘ಭಕ್ತ ಕನಕದಾಸ’ ಚಿತ್ರದಲ್ಲಿ ಬಾಗಿಲು ತೆರೆಯೆಂದು ಕನಕದಾಸರು ಕೃಷ್ಣನನ್ನು ಬೇಡುವ ಕೀರ್ತನೆಯನ್ನು ಈ ತೆಲುಗರ ಕಂಠದಲ್ಲಿ ಕೇಳಿ ಕಣ್ಣೀರು ಹಾಕದ ಕನ್ನಡ ಮನೆ ಯಾವುದಿದೆ? ಹೀಗೆ ನಾಡೊಂದು ತನ್ನ ಹೆಸರನ್ನು ಪಡೆದ ವರ್ಷದಲ್ಲಿ ಆ ನಾಡಿನ ಅಭಿಮಾನವನ್ನೆಲ್ಲ ಹೊತ್ತು ಬಂದ ದನಿ, ಆ ನಾಡಿನಲ್ಲಿ ಹುಟ್ಟಿದವರದಲ್ಲ, ಅಲ್ಲಿ ನೆಲಸಿದವರದೂ ಅಲ್ಲ. ಇದನ್ನು ನಾವು ಕೊರತೆಯೆಂದು ಹೇಳುತ್ತಿಲ್ಲ. ಕನ್ನಡದ ಹಿರಿಮೆಯೆಂದೇ ಹೇಳುತ್ತಿದ್ದೇವೆ.

ಇಷ್ಟೆಲ್ಲ ಇಂದು ಹೇಳುವ ನಾವು ಒಂದು ಕಾಲದಲ್ಲಿ ಮಾಡಿದ್ದೇನು? ಆ ಮಾತನ್ನು ಈಗ ಹೇಳಬೇಕು.

1983ರಲ್ಲಿ ನಾವು ಇಲ್ಲಿಯ ಒಂದು ಕನ್ನಡ ಬಳಗದ ಕಾರ್ಯಕ್ರಮ ಸಮಿತಿಯಲ್ಲಿದ್ದೆವು. ರಾಜ್ಯೋತ್ಸವಕ್ಕೆ ಹಾಡುವವರನ್ನು ಆರಿಸುವ ದಿನ ಪೆರಂಬೂರಿನ ಕಡೆಯಿಂದ ಒಬ್ಬ ಗೃಹಸ್ಥರು ತಮ್ಮ ಮಗಳನ್ನು ಕರೆತಂದರು. ಒಂಬತ್ತು ಹತ್ತು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಅವಳು ಆರಿಸಿಕೊಂಡಿದ್ದುದು ಇದೇ ಹಾಡು. ಶ್ರುತಿ ಶುದ್ಧವಾಗಿತ್ತು, ಉಚ್ಚಾರದಲ್ಲಿಯೂ ಹೇಳಿಕೊಳ್ಳುವಂಥ ದೋಷವಿರಲಿಲ್ಲ. ಹಾಡು ಮುಗಿದ ಮೇಲೆ ನಾವು ಅವಳ ಕೈಯಲ್ಲಿದ್ದ ಹಾಳೆಯನ್ನು ತೆಗೆದು ನೋಡಿದೆವು. ಅದರಲ್ಲಿ ಹಾಡೆಲ್ಲ ತಮಿಳು ಅಕ್ಷರಗಳಲ್ಲಿತ್ತು.

ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ, ತಕಾರ ದಕಾರಗಳಿಗೆ ಒಂದೇ ಅಕ್ಷರ, ಮಹಾಪ್ರಾಣಗಳು ಇಲ್ಲವೇ ಇಲ್ಲ. ಆದ್ದರಿಂದ ‘ಗಂಧದ ಗುಡಿ’ ಎಂಬುದು ಅಲ್ಲಿ ‘ಕಂತತ ಕುಡಿ’ ಎಂದು ಓದುವಂತಿತ್ತು. ನಾವು ಅದನ್ನು ಗಟ್ಟಿಯಾಗಿ ಓದಿದೆವು. ಗುಡಿ ಹೋಗಿ ಕುಡಿತ ಬಂದಿತೆಂದು ಸಮಿತಿಯ ಒಬ್ಬರು ನಕ್ಕರು, ನಾವೂ ನಕ್ಕೆವು. ಬಳಿಕ ಗಂಭೀರವಾಗಿ, “ಮಗು ಮೊದಲು ಕನ್ನಡ ಅಕ್ಷರ ಕಲಿಯಲಿ, ಆಮೇಲೆ ಕನ್ನಡದ ವೇದಿಕೆ ಹತ್ತಲಿ” ಎಂದು ತಂದೆಗೆ ಹೇಳಿದೆವು. ತತ್ವಕ್ಕಾಗಿ ಹೇಳಿದ ಮಾತೆಂದೇ ನಾವು ಭಾವಿಸಿದ್ದೆವು. ಆ ಗೃಹಸ್ಥರು ಎದುರಾಡಲಿಲ್ಲ. “ಮನೆ ಹತ್ತಿರ ಕಲಿಸುವವರಿಲ್ಲ, ನನಗೆ ಎರಡು ಪಾಳಿ ಕೆಲಸ” ಎಂದಷ್ಟೇ ಹೇಳಿ, ಹಾಳೆಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, ಮಗಳ ಕೈ ಹಿಡಿದು ಹೊರಟರು. ಆ ವರ್ಷ ಅವರು ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಚಂದಾದಾರರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಎರಡು ವರ್ಷ ಖಾಲಿ ಬಿಟ್ಟು, ಮೂರನೆಯ ವರ್ಷ ನಾವೇ ಹೆಸರನ್ನು ಹೊಡೆದುಹಾಕಿದೆವು.

ನಮ್ಮ ಕಣ್ಣು ತೆರೆದದ್ದು ಬಹಳ ತಡವಾಗಿ, ಅದೂ ಒಂದು ಹೋಟೆಲಿನಲ್ಲಿ. ಉಡುಪಿಯ ಕಡೆಯಿಂದ ಬಂದು ಈ ಊರಿನಲ್ಲಿ ವುಡ್‌ಲ್ಯಾಂಡ್ಸ್ ಎಂಬ ಹೆಸರನ್ನು ಬೆಳಗಿಸಿದ ಶ್ರೀ ಕೃಷ್ಣರಾಯರ ಕೀರ್ತಿಯನ್ನು ಇಲ್ಲಿಯ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅವರು 1962ರಲ್ಲಿ ಕೆಥೀಡ್ರಲ್ ರಸ್ತೆಯಲ್ಲಿ, ಮರಗಳ ನೆರಳಿನಲ್ಲಿ ತೆರೆದ ಡ್ರೈವ್-ಇನ್ ಹೋಟೆಲಿಗೆ ಶ್ರೀ ಪಿ. ಬಿ. ಶ್ರೀನಿವಾಸರು ವರ್ಷಾನುಗಟ್ಟಲೆ ಬಂದು ಕುಳಿತುಕೊಳ್ಳುತ್ತಿದ್ದರು. ನಾವೂ ಹಲವು ಸಲ ದೂರದ ಮೇಜಿನಿಂದ ಅವರನ್ನು ಕಂಡಿದ್ದೇವೆ. ತಲೆಯ ಮೇಲೆ ಟೋಪಿ, ಜೇಬಿನ ತುಂಬ ಬಣ್ಣಬಣ್ಣದ ಲೇಖನಿಗಳು, ಮುಂದೆ ಪುಸ್ತಕಗಳ ಕಟ್ಟು. ಕಾಫಿ ಆರುತ್ತಿದ್ದರೂ ಗಮನವಿಲ್ಲದೆ ಬರೆಯುತ್ತಲೇ ಇರುವರು. ಒಂದು ಲೇಖನಿಯನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳುವರು. ತೆಲುಗು, ತಮಿಳು, ಕನ್ನಡ, ಮಲಯಾಳ, ಹಿಂದಿ, ಉರ್ದು, ಸಂಸ್ಕೃತ, ಇಂಗ್ಲಿಷ್, ಹೀಗೆ ಎಂಟು ಭಾಷೆಗಳಲ್ಲಿ ಕವಿತೆ ಬರೆದವರು ಅವರು. ಕನ್ನಡಿಗರ ಹೋಟೆಲಿನಲ್ಲಿ, ತಮಿಳು ನಾಡಿನ ನಡುವೆ ಕುಳಿತು ಒಬ್ಬ ತೆಲುಗರು ಕನ್ನಡದಲ್ಲಿ ಪದ್ಯ ಬರೆಯುವುದೆಂದರೆ ಅದೊಂದು ಸಾಮಾನ್ಯ ಸಂಗತಿಯೆ? ಮಾತನಾಡಿಸಬೇಕೆಂದು ಎಷ್ಟೋ ಸಲ ಎದ್ದು ಮತ್ತೆ ಕುಳಿತಿದ್ದೇವೆ.

ಅವರನ್ನು ಕಂಡ ಮೇಲೆ ನಮಗೆ ಆ ಕಾಲದ ಹಿನ್ನೆಲೆ ಗಾಯಕರ ವಿಷಯವನ್ನು ಓದುವ, ಬಲ್ಲವರನ್ನು ಕೇಳುವ ಗೀಳು ಹಿಡಿಯಿತು. ಆಗ ಒಂದು ಸಂಗತಿ ತಿಳಿಯಿತು. ಪರಭಾಷೆಯ ಗಾಯಕರು ಹಾಡಿನ ಮಾತುಗಳನ್ನು ತಮಗೆ ರೂಢಿಯಿದ್ದ ಲಿಪಿಯಲ್ಲಿಯೇ ಬರೆದುಕೊಂಡು ಹಾಡುವುದು ಮದರಾಸಿನ ಸ್ಟುಡಿಯೋಗಳಲ್ಲಿ ನಿತ್ಯದ ಪದ್ಧತಿ. 1967ರ ‘ನಕ್ಕರೆ ಅದೇ ಸ್ವರ್ಗ’ ಚಿತ್ರದಿಂದ ಕನ್ನಡದಲ್ಲಿ ಹಾಡತೊಡಗಿ ಸಾವಿರಾರು ಹಾಡುಗಳಿಂದ ನಮ್ಮ ಮನೆಮಗನೇ ಆದ ಶ್ರೀ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಸಾಹಿತ್ಯವನ್ನು ತೆಲುಗು ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಹಾಳೆಯನ್ನು ಕಸಿದು ನೋಡಿ ನಕ್ಕವರು ಯಾರೂ ಇರಲಿಲ್ಲ. ಉಚ್ಚಾರ ತಪ್ಪಿದರೆ ತಿದ್ದಿದರು, ಸರಿಯಿದ್ದರೆ ತಲೆಬಾಗಿದರು. ನಾವು ಪೆರಂಬೂರಿನ ಹುಡುಗಿಯ ಕೈಯಲ್ಲಿ ಕಂಡು ಅಪರಾಧವೆಂದುಕೊಂಡದ್ದು ಕನ್ನಡದ ದೊಡ್ಡ ದೊಡ್ಡ ಗಾಯಕರ ಕೈಯಲ್ಲಿಯೂ ಇತ್ತು. ದೊಡ್ಡವರಿಗೆ ಕೊಟ್ಟ ಮನ್ನಣೆಯನ್ನು ನಾವು ಒಂದು ಮಗುವಿಗೆ ಕೊಡಲಿಲ್ಲ. ಆ ಮಗುವಿನದಾದರೋ ಮನೆಮಾತೇ ಕನ್ನಡ.

ಹಾಗೆಂದು ಲಿಪಿ ಬೇಡವೆಂದು ನಾವು ವಾದಿಸುತ್ತಿಲ್ಲ. ಕಿವಿಯಿಂದ ಬಂದ ಭಾಷೆ ಬಾಗಿಲು ತೆರೆಯುತ್ತದೆ. ಒಳಗೆ ನಿಲ್ಲಬೇಕಾದರೆ ಕಣ್ಣೂ ಕೈಯೂ ಬೇಕು. ಬರಿಯ ಕಿವಿಯ ಕನ್ನಡ ಹೊರನಾಡಿನಲ್ಲಿ ಎರಡು ತಲೆಮಾರು ನಡೆದೀತು, ಮೂರನೆಯದಕ್ಕೆ ಸೋತೀತು. ನಮ್ಮ ಮೊಮ್ಮಗ ಈ ಹಾಡನ್ನು ಕಲಿಯುವಾಗ ದೂರವಾಣಿಯ ತೆರೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡ. ಅಲ್ಲಿ ದಕಾರ ಡಕಾರಗಳಿಗೆ ಒಂದೇ ಅಕ್ಷರ. ತೊಂದರೆ ಅದೇ, ಲಿಪಿ ಮಾತ್ರ ಬೇರೆ. ಇದಕ್ಕೆ ಶ್ರೀನಿವಾಸರ ಬಾಳೇ ದಾರಿ ತೋರಿಸುತ್ತದೆ. ಅವರು ಹಾಡುವುದರಲ್ಲಿಯೇ ನಿಂತುಬಿಡಲಿಲ್ಲ. ಹಾಡಿದ ಭಾಷೆಯಲ್ಲಿ ಪದ್ಯ ಕಟ್ಟುವಷ್ಟು ಕಲಿತರು. ಮೊದಲು ಹಾಡು, ಆಮೇಲೆ ಅಕ್ಷರ. ಈ ಕ್ರಮವನ್ನು ನಾವು ತಲೆಕೆಳಗು ಮಾಡಿ ಒಂದು ಮನೆಯನ್ನೇ ಕಳೆದುಕೊಂಡೆವು.

ಕಾಲ ಕಳೆಯಿತು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದಿಂದ ರಾಜಕುಮಾರರು ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಕ್ರಮೇಣ ಚಿತ್ರರಂಗ ಬೆಂಗಳೂರಿಗೆ ತೆರಳಿತು. ರಾಜಕುಮಾರರು 2006ರಲ್ಲಿ ತೀರಿಕೊಂಡರು. ಡ್ರೈವ್-ಇನ್ ಹೋಟೆಲು 2008ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಶ್ರೀ ಪಿ. ಬಿ. ಶ್ರೀನಿವಾಸರು 2013ರ ಏಪ್ರಿಲ್ 14ರಂದು ಇದೇ ಊರಿನಲ್ಲಿ ಕಣ್ಣು ಮುಚ್ಚಿದರು. ನಾವು ಎದ್ದು ಹೋಗಿ ಮಾತನಾಡಿಸದೆ ಉಳಿದ ಮೇಜೂ ಇಲ್ಲ, ಮನುಷ್ಯರೂ ಇಲ್ಲ.

ಮೊದಲಿನ ಪ್ರಶ್ನೆಗೆ ಮರಳೋಣ. ಈ ಹಾಡಿನಲ್ಲಿ ಹೊರನಾಡ ಕನ್ನಡಿಗರಿಗೆ ಅರ್ಧ ಪಾಲು ಮಾತ್ರವೆ? ಅಲ್ಲವೆಂದೇ ನಮ್ಮ ಉತ್ತರ. ಗಾಜನೂರಿನ ನಟರೂ ಕಾಕಿನಾಡದ ಗಾಯಕರೂ ಮದರಾಸಿನಲ್ಲಿ ನೆಲಸಿದ ಕವಿಯೂ ಅದನ್ನು ಪೂರ್ತಿಯಾಗಿ ತಮ್ಮದಾಗಿ ಮಾಡಿಕೊಳ್ಳಬಹುದಾದರೆ ನಮಗೇಕೆ ಸಂಕೋಚ? ಎರಡನೆಯ ಮಾತಿನ ಬಳಿ ಗಂಟಲು ತಡೆದರೆ ತಡೆಯಲಿ. ಊರು ಬಿಟ್ಟವನಿಗೆ ಅಷ್ಟು ನೋವು ಸಹಜ.

ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಈ ಸಲದ ಉತ್ಸವದಲ್ಲಿ ಮಕ್ಕಳು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಬರೆದುಕೊಂಡು ಬಂದರೆ ಮೊದಲು ಹಾಡಲು ಬಿಡಿ. ಹಾಡಿ ಇಳಿದ ಮೇಲೆ ಆ ಹಾಳೆಯನ್ನು ಎಸೆಯಬೇಡಿ. ಪ್ರತಿ ಸಾಲಿನ ಕೆಳಗೆ ಅದೇ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆಸಿ. ಬಲ್ಲ ಹಾಡಿನ ಅಕ್ಷರ ಮಕ್ಕಳಿಗೆ ಬೇಗ ಹಿಡಿಯುತ್ತದೆ. ಕೆಲವು ವರ್ಷಗಳಿಂದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕಾರು ಮಕ್ಕಳನ್ನು ಕೂರಿಸಿಕೊಂಡು ನಾವು ಇದನ್ನೇ ಮಾಡುತ್ತಿದ್ದೇವೆ. ಎರಡು ಪಾಳಿ ದುಡಿಯುವ ತಂದೆಯ ಮಗುವಾದರೆ ನಾವೇ ಹೋಗಿ ಕರೆತರುತ್ತೇವೆ.

ಆ ಹುಡುಗಿಗೆ ಈಗ ಐವತ್ತು ವಯಸ್ಸಾಗಿರಬೇಕು. ಅಂದು ನಾವು ನಕ್ಕ ‘ಕುಡಿ’ ಎಂಬ ಮಾತಿಗೆ ಕನ್ನಡದಲ್ಲಿ ಚಿಗುರೆಂಬ ಅರ್ಥವೂ ಇದೆಯೆಂಬುದು ಅಲ್ಲಿದ್ದ ಕನ್ನಡ ಬಲ್ಲ ನಮ್ಮೊಬ್ಬರಿಗೂ ಹೊಳೆಯಲಿಲ್ಲ. ಈ ಸಂಚಿಕೆ ಅವಳ ಕೈಗೆ ಸಿಕ್ಕರೆ ಅವಳಿಗೆ ಇದನ್ನು ಓದಲು ಬರುತ್ತದೆಯೋ ಇಲ್ಲವೋ ಅರಿಯೆವು. ಬಾರದಿದ್ದರೆ ಆ ತಪ್ಪಿನಲ್ಲಿ ನಮ್ಮ ಪಾಲೂ ಉಂಟು. ಬಲ್ಲವರು ಯಾರಾದರೂ ಅವಳಿಗೆ ಇದನ್ನು ಓದಿ ಹೇಳಬೇಕೆಂದು ಬೇಡುತ್ತೇವೆ.